ಬಾಗಿಲಿಗೆ ಬರುವ ಉಸಲಿ

ಮುರಿದ ಗೊಂಬೆಗಳು ಚೂಡಾಮಣಿಯ ಮನೆಗೆ ಬರುವುದು ಭಾದ್ರಪದದಲ್ಲಿ. ಚಾಮರಾಜಪೇಟೆಯ ಆ ಬೀದಿಯಲ್ಲಿ ಯಾರ ಮನೆಯ ಪಟ್ಟದ ರಾಜನ ಮೂಗು ಸವೆದಿದೆ, ಯಾರ ಮನೆಯ ಸೆಟ್ಟಿಯ ಕಿವಿ ಹಾರಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮರದ ಪುಡಿಗೆ ಅಂಟು ಕಲಸಿ, ಉಜ್ಜಿ, ಬಣ್ಣ ಹಚ್ಚಿ, ಮಹಾಲಯ ಅಮಾವಾಸ್ಯೆಯೊಳಗೆ ಹಿಂದಿರುಗಿಸುತ್ತಾಳೆ. ಆದರೆ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಅವು ದಸರೆಯ ಗೊಂಬೆಹಂತಗಳ ಮೇಲೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಪೋಲಿಯೊ ಹೊಡೆದ ಎಡಗಾಲಿಗೆ ಆಸರೆಯಾಗಿ ಕಬ್ಬಿಣದ ಸರಳಿನ ಕ್ಯಾಲಿಪರ್, ಕೈಯಲ್ಲಿ ಊರುಗೋಲು. ಮಾರ್ಕೆಟ್ಟಿಗೆ ದಿನವೂ ನಡೆದೇ ಹೋಗುತ್ತಾಳೆ; ಆದರೂ ನವರಾತ್ರಿಯ ಸಂಜೆಗಳಲ್ಲಿ ಅವಳನ್ನು ಯಾರೂ ಕರೆಯುವುದಿಲ್ಲ, ಉಸಲಿಯೇ ಡಬ್ಬಿಯಲ್ಲಿ ಅವಳ ಬಾಗಿಲಿಗೆ ಬರುತ್ತದೆ. ಜೊತೆಗೆ, "ನಿಮಗ್ಯಾಕೆ ತೊಂದರೆ" ಎಂಬ ಮಾತು.

ಈ ಸಲ ಎದುರುಮನೆ ಮಹಡಿಯ ಭಾಗೀರಥಮ್ಮನವರ ಪಟ್ಟದ ರಾಣಿಗೆ ಬಲಗೈಯೇ ಇರಲಿಲ್ಲ. ಹೊಸ ಕೈ ಕೆತ್ತಿ ಕೂರಿಸಲು ಹನ್ನೊಂದು ದಿನ ಹಿಡಿಯಿತು. ಒಯ್ಯಲು ಬಂದ ಅವರ ಸೊಸೆ ಮಾಧವಿಯನ್ನು ಚೂಡಾಮಣಿ ಕೇಳಿಯೇಬಿಟ್ಟಳು: "ನೋಡೋಕೆ ಯಾವತ್ತು ಬರ್ಲಮ್ಮ?"

"ನೀವಾ ಆಂಟಿ? ಇಪ್ಪತ್ತೆರಡು ಮೆಟ್ಟಿಲಿದೆ! ಫೋಟೋ ಕಳಿಸ್ತೀನಿ ಬಿಡಿ."

ಫೋಟೋ ಬಂತು. ಅದರಲ್ಲಿ ರಾಣಿಯ ಬಲಗೈ ಜರಿಯ ಶಾಲಿನಡಿ ಅಡಗಿತ್ತು.

ಸರಸ್ವತಿ ಪೂಜೆಯ ಸಂಜೆ ಚೂಡಾಮಣಿ ರೇಷ್ಮೆ ಸೀರೆಯುಟ್ಟು, ಕರೆಯದ ಮನೆಯ ಮೆಟ್ಟಿಲನ್ನು ನಿಂತು ನಿಂತು ಹತ್ತಿದಳು. ಒಳಗೆ ಹಾಡು ಅರ್ಧಕ್ಕೆ ನಿಂತಿತು.

"ಅಯ್ಯೋ, ನಾವೇ ಕಳಿಸ್ತಿದ್ವಲ್ಲ!" ಎಂದರು ಭಾಗೀರಥಮ್ಮ.

ಯಾರೋ ಕುರ್ಚಿ ತಂದು, ಹೆಂಗಸರು ಕೂತಿದ್ದ ಜಮಖಾನದಿಂದ ದೂರ, ಮೂಲೆಯಲ್ಲಿ ಹಾಕಿದರು. ಒಬ್ಬೊಬ್ಬರನ್ನೂ ಒತ್ತಾಯಿಸಿ ಹಾಡಿಸುತ್ತಿದ್ದರು. ಸರದಿ ಕುರ್ಚಿಯವರೆಗೆ ಬಂದು ಅದನ್ನು ದಾಟಿ ಹೋಯಿತು. "ಅವರು ಪಾಪ, ಸುಸ್ತಾಗಿದಾರೆ" ಎಂದರು ಯಾರೋ.

ಚೂಡಾಮಣಿ ಎದ್ದಳು. "ಹುಷಾರು, ಬಿದ್ದೀರಿ!" ಎಂದು ನಾಲ್ಕು ಕೈಗಳು ಚಾಚಿದವು. ಅವಳು ಗೊಂಬೆಗಳ ಬಳಿ ಹೋಗಿ ರಾಣಿಯ ಶಾಲನ್ನು ಹಿಂದಕ್ಕೆ ಸರಿಸಿದಳು.

"ಮುಚ್ಚಿಡೋಕೆ ಮಾಡಿದ ಕೈಯಲ್ಲ ಇದು, ಭಾಗೀರಥಮ್ಮನೋರೆ."

"ಮುರಿದಿದ್ದು ಅಂತ ನಾಲ್ಕು ಜನ ಆಡ್ಕೋಬಾರದಲ್ಲ..."

"ಮುರಿದಿದ್ದು ಹಳೇ ಕೈ. ಇದನ್ನ ನೋಡ್ಲಿ."

ಸ್ವಲ್ಪ ಹೊತ್ತಿಗೆ ಹಾಡು ಮತ್ತೆ ಶುರುವಾಯಿತು. ಮಾಧವಿ ಅರಿಸಿನ ಕುಂಕುಮದೊಡನೆ ಮುಚ್ಚಿದ ಡಬ್ಬಿ ತಂದಾಗ, "ಎಲ್ಲರಿಗೂ ಕೊಟ್ಟ ಹಾಗೆ ದೊನ್ನೇಲಿ ಕೊಡು, ಇಲ್ಲೇ ತಿಂತೀನಿ" ಎಂದಳು ಚೂಡಾಮಣಿ. ಅವಳು ಕಡಲೆಕಾಳನ್ನು ಒಂದೊಂದಾಗಿ ಅಗಿಯುತ್ತಿದ್ದಂತೆ ಜಮಖಾನ ಖಾಲಿಯಾಯಿತು. ಹೊರಟವರಿಗೆಲ್ಲ ಬಾಗಿಲಲ್ಲಿ "ನಾಳೆನೂ ಬನ್ನಿ" ಎನ್ನುತ್ತಿದ್ದ ಭಾಗೀರಥಮ್ಮ, ಅವಳಿಗೆ "ಹುಷಾರಾಗಿ ಇಳೀರಿ" ಎಂದರು.

ಮರುದಿನ ಸಂಜೆ ಹೊರಗಿನಿಂದ ಮಾಧವಿಯ ದನಿ: "ಆಂಟಿ, ಏಳ್ಬೇಡಿ, ಇಲ್ಲೇ ಇಟ್ಟಿದೀನಿ."

"ತಗೊಂಡ್ಹೋಗಮ್ಮ, ನಾನೇ ಬರ್ತೀನಿ!"

ಕ್ಯಾಲಿಪರಿನ ಪಟ್ಟಿ ಬಿಗಿದು ಬಾಗಿಲು ತೆರೆಯುವಷ್ಟರಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲಾಚೆಯ ಡಬ್ಬಿ ಇನ್ನೂ ಬಿಸಿಯಾಗಿತ್ತು. ಚೂಡಾಮಣಿ ಅದನ್ನು ಹೆಗಲಚೀಲಕ್ಕೆ ಇಳಿಸಿ, ಮನೆಗೆ ಬೀಗ ಹಾಕಿ, ರಸ್ತೆ ದಾಟಿ, ಎದುರುಮನೆಯ ಮೊದಲ ಮೆಟ್ಟಿಲಿನ ಮೇಲೆ ಊರುಗೋಲು ಊರಿದಳು.