ನನ್ನ ತಲೆ, ಅಕ್ಕನ ತಲೆ ಮತ್ತು ಮಂಗಳೂರಿನ ಮಿಷನ್

ಪಾಳ್ಯದಲ್ಲಿ ಹೆಂಗಸರ ಥ್ರೋಬಾಲ್ ಪಂದ್ಯ ನಡೆದಿತ್ತು. ನಾನೂ ನನ್ನ ವಾರಗಿತ್ತಿಯೂ ಒಂದೇ ತಂಡ. ಗಂಡನ ಅಣ್ಣನ ಹೆಂಡತಿಯಾದ್ದರಿಂದ ಅವಳನ್ನು ಅಕ್ಕ ಎನ್ನುತ್ತೇನೆ. ಮೇಲಿಂದ ಬಂದ ಚೆಂಡಿಗೆ ಇಬ್ಬರೂ "ನಂದು!" ಎಂದು ಕೂಗಿ ಹಾರಿದೆವು. ಚೆಂಡು ಯಾರಿಗೂ ಸಿಗಲಿಲ್ಲ. ತಲೆಗೆ ತಲೆ ಸಿಕ್ಕಿತು.

ಅಕ್ಕ ಅಲ್ಲೇ ಮಲಗಿ, "ನಾನು ಹೋಗ್ಬುಟ್ಟೆ ಕಣೇ, ನನ್ ಮಕ್ಳನ್ನ ನೋಡ್ಕೊ" ಎಂದಳು. ನಾನು, "ನಂಗೇನೂ ಆಗಿಲ್ಲ" ಎನ್ನುತ್ತಾ ಸರ್ವಿಸ್ ಮಾಡಲು ಹೋದೆ. ಹೋಗಿದ್ದು ಎದುರಾಳಿಗಳ ಕಡೆಗಂತೆ.

ಹಾಸನದಲ್ಲಿ ಇಬ್ಬರಿಗೂ ಸಿ.ಟಿ. ಸ್ಕ್ಯಾನ್ ಆಯಿತು. "ರಕ್ತಸ್ರಾವ ಇಲ್ಲ. ಆದ್ರೆ ಮೆದುಳು ಅಲುಗಾಡಿದ್ದು ಇದ್ರಲ್ಲಿ ಕಾಣೋಲ್ಲ, ನೀವು ಹೇಳಿದ್ದನ್ನೇ ನಂಬಬೇಕು" ಎಂದರು ಡಾಕ್ಟರು. ಅಕ್ಕ ಅರ್ಧ ಗಂಟೆ ಹೇಳಿದಳು. ಮುಂದೆ ಫೈನಲ್ ಇದ್ದದ್ದರಿಂದ ನಾನು ಬಾಯಿ ಬಿಡಲಿಲ್ಲ.

ಅಕ್ಕ ಹಾಸಿಗೆ ಹಿಡಿದಳು, ಅಡುಗೆಮನೆ ನನ್ನ ಪಾಲಿಗೆ ಬಂತು. ಬೆಳಕು ಕಂಡರೆ ಕಣ್ಣು ಚುಚ್ಚುತ್ತಿತ್ತು, ಸಾರಿಗೆ ಮೂರು ಸಲ ಉಪ್ಪು ಹಾಕಿದೆ. ಆದರೂ, "ನಾಟ್ಕ ಸಾಕು ಅಕ್ಕಾ" ಎಂದುಬಿಟ್ಟೆ.

"ನಾಟ್ಕನಾ? ಮಿಷನ್ನೇ ಹೇಳ್ಲಿ!" ಎಂದು ಅವಳು ದಡಕ್ಕನೆ ಎದ್ದಳು.

ಮಂಗಳೂರಿನಲ್ಲಿ ಇಂಥ ಪೆಟ್ಟನ್ನು ವಿಶೇಷ ಎಂ.ಆರ್.ಐ.ನಲ್ಲಿ ಹುಡುಕುವ ಸಂಶೋಧನೆ ನಡೆಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಗಂಡ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಘಾಟಿ ಇಳಿದರು. ಮಿಷನ್ನಿನೊಳಗೆ ಮಲಗಿ, ಪರದೆಯಲ್ಲಿ ಚಿತ್ರ ಕಂಡಾಗಲೆಲ್ಲ ಬಟನ್ ಒತ್ತಬೇಕು, ಅಲುಗಬಾರದು, ಮಾತಾಡಬಾರದು. ನನ್ನದು ಬೇಗ ಮುಗಿಯಿತು. ಅಕ್ಕನದನ್ನು ಮೂರು ಸಲ ತೆಗೆದರು.

"ಅಮ್ಮಾ, ಮಾತಾಡಿದ್ರೆ ಸ್ಕ್ಯಾನ್ ಹಾಳಾಗುತ್ತೆ!" ಎಂದ ಮಿಷನ್ ನಡೆಸುವ ಹುಡುಗ.

"ನಿಮ್ ಮಿಷನ್ನೇ ಅಷ್ಟೊಂದು ಬಡ್ಕೊಳ್ತೈತೆ, ನಾನು ಹೆಂಗ್ ಸುಮ್ನಿರ್ಲಿ?"

ಕೊನೆಗೆ ಅಲ್ಲಿನ ಡಾಕ್ಟರು ಅಕ್ಕನಿಗೆ, "ನಿಮ್ಮದರಲ್ಲಿ ಏನೂ ಕಾಣಿಸ್ತಿಲ್ಲ" ಎಂದರು. ಅಕ್ಕನ ಮುಖ ಬಾಡಿತು. "ಇನ್ನೊಂದ್ಸಲ ನೋಡಿ ಸಾರ್, ಮೂಲೇಲೇನಾದ್ರೂ ಇರ್ಬೋದು."

ಆಮೇಲೆ ನನ್ನ ಕಡೆ ತಿರುಗಿದರು. "ಇದೊಂದರಿಂದಲೇ ಖಂಡಿತ ಅನ್ನೋಕಾಗಲ್ಲ, ನಾವೂ ಇನ್ನೂ ಕಲೀತಿದ್ದೀವಿ. ಆದ್ರೆ ನಿಮ್ಮದರಲ್ಲಿ ವ್ಯತ್ಯಾಸ ಕಾಣ್ತಿದೆ, ಬಟನ್ ಒತ್ತಿದ್ದೂ ನಿಧಾನ. ತಲೆ ನೋಯುತ್ತಾ?"

ನಾಚಿಕೆಯಿಂದ ಎಲ್ಲ ಒಪ್ಪಿಕೊಂಡೆ. ಪೂರ್ತಿ ವಿಶ್ರಾಂತಿ, ಆಟ ಬಂದ್. ಅಕ್ಕ ಹೆಮ್ಮೆಯಿಂದ ನನ್ನ ಗಂಡನಿಗೆ, "ನೋಡ್ದಾ? ನನ್ ತಲೆ ಎಷ್ಟು ಗಟ್ಟಿ!" ಎಂದಳು.

ಫೈನಲ್‌ನಲ್ಲಿ ಅವಳೇ ಕ್ಯಾಪ್ಟನ್. ನಾನು ಕೊಡೆಯ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದೆ. ತಂಡ ಹೀನಾಯವಾಗಿ ಸೋತಿತು. ಅಕ್ಕ ಬೆವರು ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಳಿತು ನನ್ನ ಬೆನ್ನು ಸವರಿದಳು.

"ಬೇಜಾರ್ ಮಾಡ್ಕೋಬೇಡ ಕಣೇ. ನೀನು ಆಡಿದ್ರೂ ಸೋಲ್ತಿದ್ವಿ."