ಚನ್ನಯ್ಯ ಹಾಕಿದ ರೈಟ್ ಮಾರ್ಕು

ಇಪ್ಪತ್ತಾರು ವರ್ಷ ಸ್ಟೀರಿಂಗ್ ತಿರುಗಿಸಿ ಸೊಂಟ ಕೈಕೊಟ್ಟ ಮೇಲೆ ಟಿ. ನರಸೀಪುರದ ಚನ್ನಯ್ಯನಿಗೆ ಮನೆಯಲ್ಲಿ ಕೂರುವ ಅನುಕೂಲವಿರಲಿಲ್ಲ. ಮಾಲೀಕ ಬಸವಪ್ರಸಾದ್ ಅವನ ಕೈಗೆ ಒಂದು ಪ್ಯಾಡು, ಒಂದು ಪೆನ್ನು ಕೊಟ್ಟು ‘ಸೇಫ್ಟಿ ಸೂಪರ್‌ವೈಸರ್’ ಅಂದ. ನಂಜನಗೂಡಿನ ಫ್ಯಾಕ್ಟರಿಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ಇಪ್ಪತ್ತೆರಡು ವ್ಯಾನುಗಳು ಮಾಲೀಕನ ಶೆಡ್ಡಿನಲ್ಲಿದ್ದವು. ಬ್ರೇಕು, ಟೈರು, ಲೈಟು, ಕನ್ನಡಿ, ರಿವರ್ಸ್ ಹಾರ್ನು, ಡ್ರೈವರನ ನಿದ್ದೆ ಎಂದು ಒಂದೊಂದು ಗಾಡಿಗೂ ಹದಿನೆಂಟು ವಿಷಯ ನೋಡಿ, ಶೀಟಿನಲ್ಲಿ ರೈಟ್ ಹಾಕಿದ ಮೇಲಷ್ಟೇ ಹೊರಗೆ ಬಿಡಬೇಕು. ಫ್ಯಾಕ್ಟರಿಯವರು ಹಾಕಿದ ಷರತ್ತು ಅದು. ಅದಕ್ಕೆ ಸಿಗುತ್ತಿದ್ದುದು ಬೆಳಗಿನ ನಲವತ್ತು ನಿಮಿಷ.

ಮೊದಲ ತಿಂಗಳು ಚನ್ನಯ್ಯ ಮಂಡಿಯೂರಿ ಒಂದೊಂದು ಟೈರೂ ಮುಟ್ಟಿ ನೋಡಿದ. ಗಾಡಿಗಳು ತಡವಾದವು, ಡ್ರೈವರುಗಳು ಗೊಣಗಿದರು, ಮಾಲೀಕ “ಸ್ವಲ್ಪ ಬೇಗ ಬೇಗ ನೋಡಿ ಚನ್ನಯ್ಯನೋರೆ” ಅಂದ. ವರ್ಷ ತುಂಬುವ ಹೊತ್ತಿಗೆ ಅವನ ಪೆನ್ನು ಹಾಳೆಯ ಮೇಲಿನಿಂದ ಕೆಳತನಕ ತಾನೇ ಇಳಿಯುವುದನ್ನು ಕಲಿತಿತ್ತು.

ಫೆಬ್ರವರಿಯ ಒಂದು ಮಂಗಳವಾರ, ಒಂಬತ್ತನೇ ನಂಬರಿನ ವ್ಯಾನಿನ, ಗಾಡಿ ಹಿಂದೆ ತೆಗೆಯುವಾಗ ಕೂಗುವ ರಿವರ್ಸ್ ಹಾರ್ನು ಕೆಟ್ಟು ನಾಲ್ಕು ದಿನವಾಗಿತ್ತು. ಅದರ ಡ್ರೈವರ್ ಮದನ್ ಒಂದು ಸಲ ಹೇಳಿಯೂ ಇದ್ದ. ಮೆಕ್ಯಾನಿಕ್ಕಿಗೆ ಹೇಳುತ್ತೇನೆ ಎಂದಿದ್ದ ಚನ್ನಯ್ಯ ಮರೆತಿದ್ದ. ಅವತ್ತೂ ರೈಟ್ ಹಾಕಿದ. ಮದನ್ ಗಾಡಿ ಹಿಂದೆ ತೆಗೆದ. ನಲ್ಲಿಯ ಹತ್ತಿರ ಬಗ್ಗಿ ಬಕೀಟು ತುಂಬುತ್ತಿದ್ದವಳು ಚಿಕ್ಕಮಾದಮ್ಮ, ತಲಕಾಡಿನಿಂದ ದಿನಾ ಬಸ್ಸಿನಲ್ಲಿ ಬಂದು ವ್ಯಾನು ತೊಳೆಯುವ ಹೆಂಗಸು. ಕೂಗು ಕೇಳಿ ಚನ್ನಯ್ಯ ಓಡುವಷ್ಟರಲ್ಲಿ ಹಿಂದಿನ ಚಕ್ರ ಅವಳ ಕಾಲಿನ ಮೇಲೆ ಹತ್ತಿಹೋಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಅವಳ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ಮಾಲೀಕ ಚನ್ನಯ್ಯನನ್ನು ಆಫೀಸಿಗೆ ಕರೆದ. ಅವತ್ತಿನ ಶೀಟನ್ನು ಮೇಜಿನ ಮೇಲೆ ಇಟ್ಟ. “ಹಾರ್ನ್ ಸರಿ ಇದೆ ಅಂತ ಶೀಟಲ್ಲಿ ನೀವೇ ಹಾಕಿದ್ದೀರಿ. ನಾಳೆ ಇನ್ಸ್‌ಪೆಕ್ಟರ್ ಬಂದಾಗ ಅದನ್ನೇ ಹೇಳಿ. ಆಯಮ್ಮನೇ ಅಡ್ಡ ಬಂದ್ಲು ಅಂದ್ರೆ ಮುಗೀತು.”

ಸಂಜೆ ಚನ್ನಯ್ಯ ಮನೆಗೆ ಹೋಗಿ ಹೆಂಡತಿ ಮಂಚಮ್ಮನಿಗೆ ಹೇಳಿದ. ಅವಳು ಕೇಳಿದ್ದು ಒಂದೇ ಮಾತು: “ಅವ್ಳು ಅಡ್ಡ ಬಂದಿದ್ಲಾ?”

“ಇಲ್ಲ. ನಲ್ಲಿತಾವ ಇದ್ಲು. ದಿನಾ ಅಲ್ಲೇ ಇರೋಳು.”

ಮಂಚಮ್ಮ ತಟ್ಟೆ ಇಟ್ಟಳು. ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮಾರನೇ ದಿನ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಶೀಟು ಹಿಡಿದು, “ಇದನ್ನ ನೋಡಿ ಹಾಕಿದ್ರಾ?” ಎಂದರು.

“ನೋಡ್ನಿಲ್ಲ ಸಾ. ನೋಡ್ದೇನೆ ಆಕ್ದೆ. ಅವತ್ತೊಂದಿನ ಅಲ್ಲ, ದಿನಾ ಇಂಗೇಯ.”

ಮಾಲೀಕ ಕಿಟಕಿಯ ಕಡೆ ತಿರುಗಿದ. ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ, ಎಷ್ಟು ಗಾಡಿ, ಎಷ್ಟು ಹೊತ್ತು ಎಂದು ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಒಂದು ಗಾಡಿಗೆ ಎರಡು ನಿಮಿಷಾನೂ ಇಲ್ವಲ್ರೀ,” ಅಂದರು. ಆ ಮಾತು ಚನ್ನಯ್ಯನಿಗೆ ಹೇಳಿದ್ದಾಗಿರಲಿಲ್ಲ. ಅವರು ಬಸವಪ್ರಸಾದನನ್ನೇ ನೋಡುತ್ತಿದ್ದರು.

ಮಾಲೀಕನಿಗೆ ನೋಟೀಸು ಬಂತು. ನಲ್ಲಿಯನ್ನು ಗೋಡೆಯಾಚೆಗೆ ಹಾಕಿಸಿದರು, ಜನ ಓಡಾಡಲು ಬಿಳಿ ಗೆರೆ ಎಳೆಸಿದರು, ಗಾಡಿ ನೋಡಲು ಇನ್ನೊಬ್ಬನನ್ನು ಇಟ್ಟರು, ತಪಾಸಣೆಯನ್ನು ಒಂದು ಗಂಟೆ ಮುಂಚೆ ಶುರು ಮಾಡಿಸಿದರು. ಚನ್ನಯ್ಯನ ಹೇಳಿಕೆ ಇದ್ದುದರಿಂದ ಚಿಕ್ಕಮಾದಮ್ಮನ ಪರಿಹಾರಕ್ಕೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ತನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡಿದ್ದ ಅವನು. ಅದೂ ಆಗಲಿಲ್ಲ. ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ.

ಒಂದು ಭಾನುವಾರ ಕಿತ್ತಳೆ ಹಣ್ಣು ಹಿಡಿದು ತಲಕಾಡಿಗೆ ಹೋದ. ಚಿಕ್ಕಮಾದಮ್ಮ ಜಗಲಿಯ ಮೇಲೆ ಕೂತಿದ್ದಳು.

“ನಿಜ ಏಳ್ಬುಟ್ಯಂತೆ ಅಣ್ಣ.”

“ಊಂ.”

“ಒಳ್ಳೇದಾಯ್ತು. ಆದ್ರೆ ಕಾಲು ನಂದು ಕಣಣ್ಣ.”

ಕೋಪವಿಲ್ಲದೆ ಹೇಳಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತೇನೋ. ಅವಳ ಮಗಳು ತಂದ ಮಜ್ಜಿಗೆಯನ್ನು ಕುಡಿದು, ಹಣ್ಣನ್ನು ಜಗಲಿಯ ಮೇಲಿಟ್ಟು ಎದ್ದು ಬಂದ.

ಆಮೇಲೆ ಅವನು ದಿನಾ ನೋಡಿಯೇ ರೈಟ್ ಹಾಕುತ್ತಿದ್ದಾನೆ. ಅದರಿಂದ ಮನಸ್ಸೇನೂ ಹಗುರವಾಗಿಲ್ಲ. ಆಷಾಢದ ಒಂದು ಬೆಳಿಗ್ಗೆ ಮದನ್ ತಾನಾಗಿಯೇ ಬಂದು ನಿಂತ. ಕಣ್ಣು ಕೆಂಪಾಗಿತ್ತು. “ಅಣ್ಣ, ಮಗೀಗೆ ಜ್ವರ. ಎಲ್ಡು ಗಂಟೇನೂ ಮಲಗಿಲ್ಲ. ಗಾಡಿ ತಗೀಲಾ ಬ್ಯಾಡ್ವಾ, ನೀವೇ ಏಳಿ.”

ಚನ್ನಯ್ಯ ಕೈ ಚಾಚಿ ಕೀ ಇಸಿದುಕೊಂಡ. “ಮನೆಗೋಗಿ ಮನೀಕೋ ಕಣ್ಲಾ.”

ಬೇರೆ ಡ್ರೈವರನ್ನು ಹುಡುಕಿ ಕಳಿಸುವಷ್ಟರಲ್ಲಿ ಮೂವತ್ತೈದು ನಿಮಿಷವಾಯಿತು. ತಗಡೂರಿನ ಸ್ಟಾಪಿನಲ್ಲಿ ಕಾಯುತ್ತಿದ್ದವರು ಫೋನು ಮಾಡಿದರು, ಫ್ಯಾಕ್ಟರಿಯವರು ಮಾಡಿದರು, ಕೊನೆಗೆ ಬಸವಪ್ರಸಾದ್ ಮಾಡಿದ. “ಡ್ರೈವರ್ಗೆ ನಿದ್ದೆ ಆಗಿರ್ನಿಲ್ಲ ಸಾ,” ಎಂದು ಚನ್ನಯ್ಯ ಎಲ್ಲರಿಗೂ ಅದನ್ನೇ ಹೇಳಿದ. ಮಾಲೀಕ “ಆಯ್ತು ಬಿಡಿ,” ಎಂದು ಫೋನ್ ಇಟ್ಟ.

ಇನ್ನೂ ಆರು ಗಾಡಿ ನೋಡುವುದಿತ್ತು. ಚನ್ನಯ್ಯ ಸೊಂಟದ ಮೇಲೆ ಕೈಯಿಟ್ಟು, ಮುಂದಿನ ವ್ಯಾನಿನ ಟೈರಿನ ಪಕ್ಕ ಮೆಲ್ಲಗೆ ಮಂಡಿಯೂರಿದ.