ಲಾಮಾ ಪದವಿಗೆ ಹನ್ನೆರಡನೆಯ ಸಹಿ

ಬೆಳಗಿನ ಐದೂವರೆ. ಬೊಲಿವಿಯಾದ ವಿಲಾಪಂಪಾ ಊರಿನ ಚಳಿಗೆ ಬೀದಿನಾಯಿಗಳೂ ಮುದುಡಿ ಮಲಗಿವೆ. ವಿಶ್ವವಿದ್ಯಾಲಯದ ಗೇಟಿನೆದುರು, ನೇರಳೆ ಜೋಳದ ಬಿಸಿಬಿಸಿ ಆಪಿ ಗಂಜಿ ಮಾರುವ ಗಾಡಿಯ ಪಕ್ಕ ನಿಂತು ನಿಕನೋರಾ ಅಯಾವಿರಿ ಫೋನಿನಲ್ಲಿ ಸಹೋದ್ಯೋಗಿ ಅಧ್ಯಾಪಕರನ್ನು ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದಾರೆ. "ಎದ್ರಾ ಡಾಕ್ಟ್ರೇ? ರಸ್ತೆ ತಡೆ ಇದೆ, ಬಸ್ಸಿಲ್ಲ. ನಡ್ಕೊಂಡೇ ಬನ್ನಿ, ಕಾಲೇನೂ ಸವೆಯಲ್ಲ!"

ಗುಡ್ಡದಲ್ಲಿ ಲಾಮಾ ಎಂಬ ಉಣ್ಣೆಯ ಪ್ರಾಣಿಗಳನ್ನು ಕಾಯುತ್ತಲೇ ಅಕ್ಷರ ಕಲಿತ ಈ ಐವತ್ತೆಂಟರ ಅಧ್ಯಾಪಕಿ ಮಣ್ಣಿನ ರಸಾಯನಶಾಸ್ತ್ರ ಕಲಿಸುತ್ತಾರೆ. ಜೊತೆಗೆ ಪಠ್ಯಕ್ರಮ ಸಮಿತಿಯ ಮುಖ್ಯಸ್ಥೆ. ಯಾವ ಪದವಿ ಇರಬೇಕು, ಅದರಲ್ಲಿ ಏನು ಕಲಿಸಬೇಕು ಎಂಬುದನ್ನು ಇಲ್ಲಿ ಪಾಠ ಮಾಡುವವರೇ ಕೂತು ತೀರ್ಮಾನಿಸುತ್ತಾರೆ. ಹಾಗೆ ಕೂರುವ ಮುಂಚಿನ ಕತ್ತೆಚಾಕರಿಯೆಲ್ಲ ನಿಕನೋರಾ ಅವರದು. ಹತ್ತೊಂಬತ್ತು ವರ್ಷಗಳಲ್ಲಿ ಮೂವತ್ತನಾಲ್ಕು ಪದವಿಗಳ ಪುಟಪುಟವನ್ನೂ ಓದಿ ತಿದ್ದಿದ್ದಾರೆ. ಅದಕ್ಕೆಂದು ಒಂದು ತರಗತಿಯ ವಿನಾಯಿತಿಯೂ ಸಿಕ್ಕಿಲ್ಲ.

ಇಂದಿನದು ಲಾಮಾ ಮತ್ತು ಅದರ ಜಾತಿಯದೇ ಆದ ಅಲ್ಪಾಕಾ ಸಾಕಣೆಯ ಪದವಿ. ನಲವತ್ತೊಂದು ವಿದ್ಯಾರ್ಥಿಗಳು ಎರಡು ವರ್ಷದಿಂದ ಪ್ರಾಯೋಗಿಕವಾಗಿ ಶುರುವಾದ ತರಗತಿಯಲ್ಲಿ ಓದುತ್ತಿದ್ದಾರೆ. ಇವತ್ತು ಅಧ್ಯಾಪಕರ ಮಂಡಳಿ ಒಪ್ಪದಿದ್ದರೆ ತರಗತಿ ಮುಚ್ಚಿದಂತೆ. ಆರು ತಿಂಗಳ ಸರ್ಟಿಫಿಕೇಟು ಕೊಟ್ಟು ಕೈತೊಳೆದುಕೊಳ್ಳಲು ಆಡಳಿತ ಕಚೇರಿ ಹೊರಟಾಗ ನಿಯಮದ ಪುಸ್ತಕ ಹಿಡಿದು ನುಗ್ಗಿದವರು ನಿಕನೋರಾ ಅವರೇ. "ಗೋಡೆಗೆ ಯಾವ ಬಣ್ಣ ಅಂತ ಅವ್ರು ಹೇಳ್ಲಿ. ಪಾಠ ಯಾವ್ದು ಅಂತ ನಾವ್ ಹೇಳ್ತೀವಿ!"

ಒಂಬತ್ತು ಗಂಟೆ. ಸಭೆ ನಡೆಯಲು ಹನ್ನೆರಡು ಮಂದಿ ಬೇಕು, ಬಂದವರು ಹನ್ನೊಂದು. ಒಂಬತ್ತೂಕಾಲಾದರೆ ಸಭೆ ರದ್ದು. ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ಕಾದು ಕುಳಿತಿದ್ದಾರೆ. ಬರಬೇಕಾಗಿರುವವರು, ಈ ಪದವಿಯನ್ನು ಮೂರು ಸಲ ವಾಪಸು ಕಳಿಸಿದ ಹಿರಿಯ ಪಶುವೈದ್ಯ ಡೋನ್ ಸೆನೋನ್ ಚೋಕೆ. "ಅವ್ರು ಮನೇಲಿ ಕಾಲು ಚಾಚಿ ಮಲಗಿದ್ರೂ ಸಾಕು, ನಮ್ ಕಥೆ ಮುಗೀತು" ಎಂದು ನಿಕನೋರಾ ಪಕ್ಕ ಕೂತವರು ಪಿಸುಗುಡುತ್ತಾರೆ.

ಇನ್ನೆರಡೇ ನಿಮಿಷ ಎನ್ನುವಾಗ ಬಾಗಿಲು ದಡಾರೆಂದು ತೆರೆಯುತ್ತದೆ. ಬೂಟಿನ ತುಂಬ ಧೂಳು, ಏದುಸಿರು. ಡೋನ್ ಸೆನೋನ್!

"ಏನೇ ನಿಕನೋರಾ, ನಾನಿಲ್ದೆ ಯಾರ ಜೊತೆ ಜಗಳ ಆಡ್ತಿದ್ದೆ?"

"ನೀವಿಲ್ದೆ ಜಗಳಕ್ಕೆ ರುಚಿ ಎಲ್ಲಿ? ಕೂತ್ಕೊಳ್ಳಿ."

"ಬೇಡ ಅನ್ನೋದಾದ್ರೂ ಬಂದು ಮುಖಕ್ಕೇ ಹೇಳ್ತೀನಿ. ಮನೇಲಿ ಅಡಗಿ ಕೂತು ಸಭೆ ಕೆಡಿಸೋ ಬುದ್ಧಿ ನಂಗಿಲ್ಲ" ಎನ್ನುತ್ತಾ ಅವರು ಹಾಜರಿ ಪುಸ್ತಕದಲ್ಲಿ ಹನ್ನೆರಡನೆಯ ಸಹಿ ಹಾಕುತ್ತಾರೆ. ಕೂತವರೇ ಶುರು: "ರೋಗ ಬಿದ್ದ ಪ್ರಾಣಿ ಮುಂದೆ ನಿಮ್ ಹುಡುಗ್ರು ಬಾಯ್ ಬಿಟ್ಕೊಂಡು ನಿಲ್ತಾರಾ?"

ನಿಕನೋರಾ ಪಠ್ಯಕ್ರಮದ ಎಂಬತ್ತೆಂಟನೆಯ ಪುಟ ತೆರೆದು ಅವರ ಮುಂದಿಡುತ್ತಾರೆ. "ಮೂರನೇ ಸಲ ನೀವು ಬೈದಿದ್ರಲ್ಲ, ಆ ಬೈಗುಳವನ್ನೇ ಒಂದು ವರ್ಷದ ಪಾಠ ಮಾಡಿದ್ದೀನಿ."

ಸಭೆ ಗೊಳ್ಳೆಂದು ನಗುತ್ತದೆ. ಮತಕ್ಕೆ ಹಾಕಿದಾಗ ಪದವಿ ಬೇಕೆಂದು ಹನ್ನೆರಡರಲ್ಲಿ ಎಂಟು ಕೈ ಮೇಲೇಳುತ್ತವೆ. ಡೋನ್ ಸೆನೋನ್ ಕೈ ಏಳುವುದಿಲ್ಲ. ಆದರೆ ಮೊದಲು ಬಂದು ಕೈ ಕುಲುಕುವವರು ಅವರೇ. "ಸೋಲಿಸ್ಬಿಟ್ಟೆಯಲ್ಲೇ ಮಾರಾಯ್ತಿ!"

ಹೊರಗೆ ಕೇಕೆಯೋ ಕೇಕೆ. ವಿದ್ಯಾರ್ಥಿಗಳು ಹಿಡಿಹಿಡಿಯಾಗಿ ಬಣ್ಣದ ಕಾಗದದ ಚೂರುಗಳನ್ನು ನಿಕನೋರಾ ತಲೆಗೆ ಸುರಿಯುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ, ಅವರು ಕಣ್ಣೊರೆಸಿಕೊಂಡು ನಗುತ್ತಾರೆ:

"ಇವ್ರಲ್ಲಿ ಯಾರಾದ್ರೂ ಮೇಷ್ಟ್ರಾಗಿ ಇದೇ ಮಂಡಳೀಲಿ ಕೂತು, 'ನಿಕನೋರಾ ಬರ್ದಿದ್ದು ತಪ್ಪು, ತಿದ್ದೋಣ' ಅಂತ ಕೈ ಎತ್ಬೇಕು. ಅದನ್ನ ನೋಡ್ಬೇಕು ನಾನು."